‘ಚರ್ಚೆಗಷ್ಟೇ ಮತ ಹಾಕಿದೆ’ ಎನ್ನುವ ಸೆನೆಟರ್‌ಗೆ ಲೆಕ್ಕ ಕೇಳುವ ಬಗೆ

2017ರ ಜುಲೈ 25ರಂದು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ನಡೆದ ಒಂದು ಮತದಾನದಲ್ಲಿ ಪರವಾಗಿ 50, ವಿರುದ್ಧವಾಗಿ 50 ಮತಗಳು ಬಿದ್ದವು. ಮತಗಳು ಸಮನಾದಾಗ ಮಾತ್ರ ಮತ ಹಾಕುವ ಅಧಿಕಾರವಿರುವ ಉಪಾಧ್ಯಕ್ಷ ಮೈಕ್ ಪೆನ್ಸ್ ಪರವಾಗಿ ನಿಂತದ್ದರಿಂದ ಗೊತ್ತುವಳಿ ಗೆದ್ದಿತು. ಜನ ಒಬಾಮಾಕೇರ್ ಎಂದು ಕರೆಯುವ 2010ರ ಆರೋಗ್ಯ ವಿಮೆ ಕಾನೂನನ್ನು ರದ್ದುಪಡಿಸುವ ಮಸೂದೆ ಸೆನೆಟ್‌ನ ಅಂಗಳಕ್ಕೆ ಇಳಿದದ್ದು ಹೀಗೆ. ಆದರೆ ಅಂದು ಮಸೂದೆಯೇ ಮತಕ್ಕೆ ಬಂದಿರಲಿಲ್ಲ. ‘ಈ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳೋಣವೇ’ ಎಂಬ ಪ್ರಶ್ನೆಯಷ್ಟೇ ಮತಕ್ಕೆ ಬಂದಿತ್ತು. ಆದ್ದರಿಂದ ಪರವಾಗಿ ಕೈ ಎತ್ತಿದ ಯಾವ ಸೆನೆಟರ್ ಬೇಕಾದರೂ ಮರುದಿನ ತಮ್ಮ ರಾಜ್ಯದ ಜನರ ಮುಂದೆ ನಿಂತು, ‘ನಾನು ಕಾನೂನನ್ನು ರದ್ದುಪಡಿಸಲು ಒಪ್ಪಿಲ್ಲ, ಚರ್ಚೆಗಷ್ಟೇ ಒಪ್ಪಿದ್ದೇನೆ’ ಎಂದು ಹೇಳಬಹುದಾಗಿತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಉಳಿಯುವ ಈ ಉತ್ತರವನ್ನು ಒಪ್ಪಿಕೊಳ್ಳಬೇಕೇ, ಒಪ್ಪದಿದ್ದರೆ ಮುಂದೇನು ಮಾಡಬೇಕು ಎಂಬುದನ್ನು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಈ ವಿಷಯ ನಮ್ಮ ಮನೆಗಳಿಗೆ ದೂರದ್ದಲ್ಲ. ಮಕ್ಕಳ ಬಳಿ ಇರಲೆಂದು ಗ್ರೀನ್ ಕಾರ್ಡ್ ಪಡೆದು ಬಂದ ಅಪ್ಪ ಅಮ್ಮಂದಿರಿಗೆ 65 ದಾಟಿದ್ದರೂ, ಇಲ್ಲಿ ಸತತವಾಗಿ ಐದು ವರ್ಷ ವಾಸವಾಗುವವರೆಗೆ ಹಣ ಕಟ್ಟಿ ಮೆಡಿಕೇರ್ (ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಪಡೆಯಲು ಬರುವುದಿಲ್ಲ. ಆ ಐದು ವರ್ಷ ಅನೇಕರನ್ನು ಕಾಯುವುದು ಇದೇ ಕಾನೂನಿನಡಿ ತೆರೆದ ವಿಮಾ ಮಾರುಕಟ್ಟೆ. ನನ್ನ ತಾಯಿ ಬಂದಾಗ ಅವರಿಗೆ ಆಗಲೇ ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ಪೆನ್ನುಗಳನ್ನು ಫ್ರಿಜ್‌ನ ಬಾಗಿಲಲ್ಲಿ, ಮೊಸರಿನ ಡಬ್ಬಿಯ ಪಕ್ಕದಲ್ಲಿ ಜೋಡಿಸಿಡುತ್ತಿದ್ದರು. ಮೊದಲೇ ಇರುವ ಕಾಯಿಲೆಯ ಕಾರಣಕ್ಕೆ ವಿಮೆ ನಿರಾಕರಿಸಬಾರದು ಎಂಬ ನಿಯಮ ಇಲ್ಲದಿದ್ದರೆ ಆ ಪೆನ್ನುಗಳ ಬೆಲೆಯನ್ನು ನಾವು ಹೇಗೆ ತೆರುತ್ತಿದ್ದೆವೋ ಕಾಣೆ. ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು 26 ತುಂಬುವವರೆಗೆ ಹೆತ್ತವರ ವಿಮೆಯಲ್ಲೇ ಉಳಿಯಬಹುದೆಂಬುದೂ ಈ ಕಾನೂನಿನದೇ ಅನುಕೂಲ.

ಭಾರತದ ಶಾಸನಸಭೆಗಳನ್ನು ನೋಡಿ ಬೆಳೆದ ನಮಗೆ ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಲು ಸ್ವಲ್ಪ ಸಮಯ ಬೇಕಾಗುತ್ತದೆ. ಅಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಮುಗಿದುಹೋಗುತ್ತವೆ, ಯಾರು ಏನೆಂದರು ಎಂಬ ದಾಖಲೆ ಉಳಿಯುವುದಿಲ್ಲ. ಪಕ್ಷದ ವಿಪ್ ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವವೇ ಹೋಗಬಹುದು. ಹಾಗಾಗಿ ನಾವು ಲೆಕ್ಕ ಕೇಳುವುದು ಪಕ್ಷವನ್ನು. ಅಮೆರಿಕದ ಸೆನೆಟರ್‌ಗೆ ಅಂತಹ ಕಾನೂನಿನ ಕಟ್ಟು ಇಲ್ಲ. ಪಕ್ಷದ ಒತ್ತಡ ಎಷ್ಟೇ ಇರಲಿ, ಮತ ಅವರದೇ, ಅದರ ಕೆಳಗೆ ಬೀಳುವ ಹೆಸರೂ ಅವರದೇ. ಹಾಜರಿದ್ದವರಲ್ಲಿ ಐದನೇ ಒಂದು ಭಾಗ ಕೇಳಿದರೆ ಪ್ರತಿಯೊಬ್ಬರ ಮತವನ್ನೂ ಹೆಸರು ಸಮೇತ ದಾಖಲಿಸಲೇಬೇಕೆಂದು ಸಂವಿಧಾನವೇ ಹೇಳುತ್ತದೆ. ಆದ್ದರಿಂದ ‘ನೀವು ಏಕೆ ಹೀಗೆ ಮತ ಹಾಕಿದಿರಿ’ ಎಂದು ಒಬ್ಬ ಸೆನೆಟರನ್ನು ಕೇಳುವುದು ಇಲ್ಲಿ ಅಸಭ್ಯವೂ ಅಲ್ಲ, ವ್ಯರ್ಥವೂ ಅಲ್ಲ.

ಮತದ ಹೆಸರನ್ನು ಮೊದಲು ತಿಳಿಯಿರಿ

ಮಸೂದೆಯ ಅಂತಿಮ ಅಂಗೀಕಾರಕ್ಕೆ ಮುಂಚೆ ಅದು ದಾಟಬೇಕಾದ ಮತಗಳನ್ನು ಕಾರ್ಯವಿಧಾನದ ಮತಗಳು ಎನ್ನುತ್ತಾರೆ. ಹೆಸರು ಒಣಗಿದ್ದರೂ ಮಸೂದೆಯ ಸಾವು ಬದುಕು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಮೊದಲನೆಯದು ‘ಮೋಷನ್ ಟು ಪ್ರೊಸೀಡ್’, ಅಂದರೆ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳುವ ಗೊತ್ತುವಳಿ. ಎರಡನೆಯದು ‘ಕ್ಲೋಚರ್’, ಅಂದರೆ ಚರ್ಚೆಯನ್ನು ಕೊನೆಗಾಣಿಸಿ ಮತಕ್ಕೆ ಹೋಗುವ ತೀರ್ಮಾನ. ಸೆನೆಟ್‌ನಲ್ಲಿ ಚರ್ಚೆಗೆ ಸಾಮಾನ್ಯವಾಗಿ ಮಿತಿ ಇಲ್ಲದಿರುವುದರಿಂದ ಅಲ್ಪಸಂಖ್ಯೆಯಲ್ಲಿರುವ ಪಕ್ಷ ಮಸೂದೆಯನ್ನು ಎಳೆಯುತ್ತಲೇ ಇರಬಹುದು, ಅದಕ್ಕೆ ಫಿಲಿಬಸ್ಟರ್ ಎಂದು ಹೆಸರು. ಅದನ್ನು ಮುರಿಯುವ ನಿಯಮ 1917ರಲ್ಲಿ ಬಂದಿತು. 1975ರಲ್ಲಿ ತಿದ್ದಿದ ಮೇಲೆ, ಮಸೂದೆಗಳಿಗೆ ಬೇಕಾಗುವುದು ಪ್ರಮಾಣವಚನ ಸ್ವೀಕರಿಸಿದ ಸದಸ್ಯರಲ್ಲಿ ಐದನೇ ಮೂರು ಭಾಗ, ಅಂದರೆ ನೂರು ಜನರ ಸದನದಲ್ಲಿ 60 ಮತ.

ಇದಕ್ಕೆ ಒಂದು ಅಡ್ಡದಾರಿ ಇದೆ. 1974ರ ಬಜೆಟ್ ಕಾನೂನು ಹುಟ್ಟುಹಾಕಿದ ‘ರಿಕನ್ಸಿಲಿಯೇಷನ್’ ಎಂಬ ವಿಧಾನದಲ್ಲಿ ಹಣಕಾಸಿಗೆ ಸಂಬಂಧಿಸಿದ ಮಸೂದೆಯನ್ನು ಸರಳ ಬಹುಮತದಿಂದಲೇ ಪಾಸು ಮಾಡಬಹುದು. ಅದರಲ್ಲಿ ಚರ್ಚೆಗೆ 20 ಗಂಟೆಗಳ ಮಿತಿ ಇದೆ. 2017ರ ಮಸೂದೆ ಬಂದದ್ದು ಈ ದಾರಿಯಲ್ಲಿ. ‘ಚರ್ಚೆಗೆ ಅವಕಾಶ ಕೊಟ್ಟೆ’ ಎಂಬ ಮಾತನ್ನು ತೂಗುವಾಗ ಆ 20 ಗಂಟೆ ನೆನಪಿರಲಿ: ಅಂದು ತೆರೆದ ಬಾಗಿಲಿನ ಆಚೆ ಇದ್ದದ್ದು ತಿಂಗಳುಗಟ್ಟಲೆ ನಡೆಯುವ ಪರಿಶೀಲನೆಯಲ್ಲ, ಕೆಲವೇ ದಿನಗಳಲ್ಲಿ ಮುಗಿಯುವ ಕಲಾಪ. ಸೆನೆಟ್‌ನ ನಾಯಕರು ಸಿದ್ಧಪಡಿಸಿದ್ದ ಪಠ್ಯದ ಮೇಲೆ ಯಾವ ಸಮಿತಿಯೂ ವಿಚಾರಣೆ ನಡೆಸಿರಲಿಲ್ಲ.

ದಾಖಲೆಯನ್ನು ಕೈಗೆ ತೆಗೆದುಕೊಳ್ಳಿ

ಟಿವಿಯಲ್ಲಿ ಕೇಳಿದ್ದನ್ನೋ ವಾಟ್ಸಾಪ್‌ನಲ್ಲಿ ಬಂದದ್ದನ್ನೋ ನಂಬಿ ಫೋನ್ ಎತ್ತಬೇಡಿ. ಸೆನೆಟ್‌ನ ಅಧಿಕೃತ ತಾಣದಲ್ಲಿ ಪ್ರತಿ ರೋಲ್ ಕಾಲ್ ಮತವೂ, ಅಂದರೆ ಹೆಸರು ಸಮೇತ ದಾಖಲಾದ ಮತವೂ, ಕಾಂಗ್ರೆಸ್‌ನ (ಅಮೆರಿಕದ ಸಂಸತ್ತಿನ) ಸಂಖ್ಯೆ, ಅಧಿವೇಶನ ಮತ್ತು ಮತದ ಸಂಖ್ಯೆಯೊಂದಿಗೆ ಸಿಗುತ್ತದೆ. ಮೇಲೆ ಹೇಳಿದ ಮತ 115ನೇ ಕಾಂಗ್ರೆಸ್‌ನ ಮೊದಲ ಅಧಿವೇಶನದ 167ನೇ ಮತ. ಆ ಪುಟವನ್ನು ತೆರೆದರೆ ಮೇಲ್ಭಾಗದಲ್ಲಿ ಮತಕ್ಕೆ ಹಾಕಿದ ಪ್ರಶ್ನೆ, ದಿನಾಂಕ, ಬೇಕಾದ ಬಹುಮತ, ಫಲಿತಾಂಶ ಇರುತ್ತವೆ, ಕೆಳಗೆ ನೂರು ಹೆಸರುಗಳು. ಎಲ್ಲರೂ ತಮ್ಮ ಸೆನೆಟರ್ ಹೆಸರಿನ ಮುಂದೆ ಏನಿದೆ ಎಂದು ಮೊದಲು ನೋಡುತ್ತಾರೆ. ನೀವು ಪ್ರಶ್ನೆಯ ಸಾಲನ್ನು ಮೊದಲು ಓದಿ. ಗೊತ್ತುವಳಿಯನ್ನು ‘ಬದಿಗಿಡುವ’ ಪ್ರಶ್ನೆಯಾಗಿದ್ದರೆ ‘ಹೌದು’ ಎಂದವರು ಮೂಲ ವಿಷಯವನ್ನು ವಿರೋಧಿಸಿದವರು. ಬಜೆಟ್ ನಿಯಮವನ್ನು ಸಡಿಲಿಸುವ ಪ್ರಶ್ನೆಯಾಗಿದ್ದರೆ ‘ಹೌದು’ ಎಂದವರು ಸಾಮಾನ್ಯವಾಗಿ ತಿದ್ದುಪಡಿಯನ್ನು ಬಯಸಿದವರು. ಅದೇ ಜುಲೈ 25ರ ರಾತ್ರಿ ಬದಲಿ ಮಸೂದೆಯೊಂದು 43-57ರಿಂದ ಬಿದ್ದುಹೋಯಿತೆಂದು ಪತ್ರಿಕೆಗಳು ಬರೆದವು. ದಾಖಲೆಯಲ್ಲಿ ಅದು ಬಜೆಟ್ ನಿಯಮ ಸಡಿಲಿಸುವ ಪ್ರಶ್ನೆಯ ಮೇಲಿನ ಮತ, ಅದಕ್ಕೆ 60 ಬೇಕಿತ್ತು.

ಇನ್ನೊಂದು ಕಡೆ ಎಡವದಂತೆ ಎಚ್ಚರ ವಹಿಸಿ. ಕ್ಲೋಚರ್ ಸೋಲುವುದು ಖಚಿತವಾದಾಗ ಬಹುಮತದ ನಾಯಕರು ಕೊನೆಯ ಗಳಿಗೆಯಲ್ಲಿ ತಮ್ಮ ಮತವನ್ನು ‘ಇಲ್ಲ’ ಎಂದು ಬದಲಿಸುವುದುಂಟು. ಸೋತ ಕಡೆ ಮತ ಹಾಕಿದವರು ಮರುಪರಿಶೀಲನೆ ಕೋರುವಂತಿಲ್ಲವೆಂಬ ನಿಯಮ ಇರುವುದರಿಂದ, ಅದೇ ಮತವನ್ನು ಮತ್ತೊಮ್ಮೆ ತರಲು ಅವರು ಹೀಗೆ ಮಾಡುತ್ತಾರೆ. ಅಂತಹ ‘ಇಲ್ಲ’ವನ್ನು ಹಿಡಿದುಕೊಂಡು ನಾಯಕರನ್ನು ಪ್ರಶ್ನಿಸಿದರೆ ಕಚೇರಿಯವರು ನಿಮ್ಮ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಆ ಒಂದು ಮತಕ್ಕೆ ಎಷ್ಟು ತೂಕವಿತ್ತು?

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ತಿರುಳು ಇರುವುದು ಈ ಲೆಕ್ಕದಲ್ಲಿ. ನಿಮ್ಮ ಸೆನೆಟರ್ ಬೇರೆ ರೀತಿ ಮತ ಹಾಕಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ? ಕಾಗದದ ಮೇಲೆ ಒಂದು ಮತವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿ ನೋಡಿ.

2017ರ ಜುಲೈ 25ನ್ನೇ ತೆಗೆದುಕೊಳ್ಳಿ. ರಿಪಬ್ಲಿಕನ್ ಪಕ್ಷದ 52 ಜನರಲ್ಲಿ ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಮತ್ತು ಅಲಾಸ್ಕದ ಲೀಸಾ ಮರ್ಕೌಸ್ಕಿ ವಿರೋಧಿಸಿದರು, ಉಳಿದ 50 ಜನ ಪರವಾಗಿ ನಿಂತರು. ಆ 50ರಲ್ಲಿ ಯಾರಾದರೂ ಒಬ್ಬರು ‘ಇಲ್ಲ’ ಎಂದಿದ್ದರೆ ಲೆಕ್ಕ 49-51 ಆಗಿ, ಉಪಾಧ್ಯಕ್ಷರ ಮತಕ್ಕೆ ಜಾಗವೇ ಇರುತ್ತಿರಲಿಲ್ಲ. ಅಂದರೆ ಅಂದು ಐವತ್ತು ಜನರಲ್ಲಿ ಪ್ರತಿಯೊಬ್ಬರ ಮತವೂ ನಿರ್ಣಾಯಕವಾಗಿತ್ತು. ‘ನನ್ನೊಬ್ಬರಿಂದ ಏನಾಗುತ್ತಿತ್ತು’ ಎಂದು ಅವರಲ್ಲಿ ಯಾರೂ ಹೇಳುವಂತಿಲ್ಲ.

2009ರ ನವೆಂಬರ್ 21ಕ್ಕೆ ಹಿಂದೆ ಹೋಗಿ. ಒಬಾಮಾಕೇರ್ ಆಗಲಿದ್ದ ಮಸೂದೆಯನ್ನು ಎತ್ತಿಕೊಳ್ಳುವ ಗೊತ್ತುವಳಿಯ ಮೇಲೆಯೇ ನಡೆದ ಕ್ಲೋಚರ್ ಮತ 60-39ರಿಂದ ಗೆದ್ದಿತು. ಬೇಕಾದದ್ದು 60, ಸಿಕ್ಕಿದ್ದೂ 60. ಒಬ್ಬರು ಕೈಕೊಟ್ಟಿದ್ದರೂ ಮಸೂದೆ ಅಲ್ಲೇ ನಿಲ್ಲುತ್ತಿತ್ತು. ಒಬ್ಬ ಸದಸ್ಯರು ಗೈರುಹಾಜರಾಗಿದ್ದರು. ಕ್ಲೋಚರ್‌ನಲ್ಲಿ 60 ಎಂಬುದು ಇಡೀ ಸದನದ ಲೆಕ್ಕವಾದ್ದರಿಂದ ಗೈರುಹಾಜರಿ ಕೂಡ ವಿರೋಧದ ಮತದಷ್ಟೇ ಕೆಲಸ ಮಾಡುತ್ತದೆ. ನಿಮ್ಮ ಸೆನೆಟರ್ ಹೆಸರಿನ ಮುಂದೆ ‘ಮತ ಹಾಕಲಿಲ್ಲ’ ಎಂದಿದ್ದರೆ ಅದನ್ನೂ ಕೇಳಬೇಕು.

ಇನ್ನು 2025ರ ಜೂನ್ 28. ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ವೆಚ್ಚವನ್ನು ದೊಡ್ಡ ಪ್ರಮಾಣದಲ್ಲಿ ಕಡಿತಗೊಳಿಸಿದ ಮಸೂದೆಯನ್ನು ಎತ್ತಿಕೊಳ್ಳುವ ಮತ 51-49ರಿಂದ ಗೆದ್ದಿತು. ಇಲ್ಲಿ ಒಂದು ಮತ ಸರಿಸಿದರೆ 50-50 ಆಗುತ್ತದೆ, ಆಗ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತದಿಂದ ಗೊತ್ತುವಳಿ ಹೇಗೂ ಗೆಲ್ಲುತ್ತಿತ್ತು. ಸೂಸನ್ ಕಾಲಿನ್ಸ್ ಅಂದು ಪರವಾಗಿ ಮತ ಹಾಕಿ, ಜುಲೈ 1ರ ಅಂತಿಮ ಮತದಲ್ಲಿ ವಿರೋಧಿಸಿದರು. ಅಂತಿಮ ಮತ 50-50 ಆಗಿ ವ್ಯಾನ್ಸ್ ಮತದಿಂದಲೇ ಮಸೂದೆ ಪಾಸಾಯಿತು. ಅವರೊಬ್ಬರ ಜೂನ್ 28ರ ಮತದಿಂದ ಫಲಿತಾಂಶ ಬದಲಾಗಿಲ್ಲವೆಂದು ಒಪ್ಪಿಕೊಂಡೇ ಅವರನ್ನು ಪ್ರಶ್ನಿಸಬೇಕು: ಕೊನೆಯಲ್ಲಿ ವಿರೋಧಿಸಲಿದ್ದ ಮಸೂದೆಗೆ ಮೊದಲ ಬಾಗಿಲಲ್ಲಿ ಏಕೆ ದಾರಿ ಬಿಟ್ಟಿರಿ? ಲೆಕ್ಕವನ್ನು ಉಬ್ಬಿಸಿ ಹೇಳಿದರೆ ಸರಿಯಾದ ಪ್ರಶ್ನೆಯೂ ಬಿದ್ದುಹೋಗುತ್ತದೆ.

ಮಾತನ್ನೂ ಮತವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ

ಒಂದೇ ಮತವನ್ನು ಬಿಡಿಯಾಗಿ ಹಿಡಿದು ತೀರ್ಪು ಕೊಡುವುದು ನ್ಯಾಯವಲ್ಲ. ಅರಿಜೋನಾದ ಜಾನ್ ಮೆಕೇನ್ ಮೆದುಳಿನ ಕ್ಯಾನ್ಸರ್ ಪತ್ತೆಯಾದ ಕೆಲವೇ ದಿನಗಳಲ್ಲಿ ವಾಷಿಂಗ್ಟನ್‌ಗೆ ಮರಳಿ ಜುಲೈ 25ರಂದು ಪರವಾಗಿ ಮತ ಹಾಕಿದರು. ಮೂರು ದಿನಗಳ ಬಳಿಕ, ಜುಲೈ 28ರ ನಸುಕಿನಲ್ಲಿ, ಕತ್ತರಿಸಿ ಸಣ್ಣದಾಗಿಸಿದ ಕೊನೆಯ ಮಸೂದೆ ಬಂದಾಗ ‘ಇಲ್ಲ’ ಎಂದರು. ಅದು 49-51ರಿಂದ ಬಿದ್ದಿತು. ಬಾಗಿಲು ತೆರೆದ ಕೈಗಳಲ್ಲೊಂದೇ ಅದನ್ನು ಮುಚ್ಚಿತು. 167ನೇ ಮತವನ್ನು ಮಾತ್ರ ನೋಡಿದವರಿಗೆ ಒಬ್ಬ ಮೆಕೇನ್, 179ನೇ ಮತವನ್ನು ಮಾತ್ರ ನೋಡಿದವರಿಗೆ ಇನ್ನೊಬ್ಬ ಮೆಕೇನ್ ಕಾಣಿಸುತ್ತಾರೆ.

ಹಾಗಾಗಿ ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಸೆನೆಟರ್ ಆಡಿದ ಮಾತು, ಅದರ ದಿನಾಂಕ. ಬಲಗಡೆ ಹಾಕಿದ ಮತ, ಅದರ ಸಂಖ್ಯೆ. ಮಾತುಗಳನ್ನು ಅವರ ಪತ್ರಿಕಾ ಹೇಳಿಕೆಗಳಿಂದಲೂ, ಸದನದ ಭಾಷಣಗಳನ್ನು ಅಕ್ಷರಶಃ ಅಚ್ಚು ಮಾಡುವ ಕಾಂಗ್ರೆಷನಲ್ ರೆಕಾರ್ಡ್‌ನಿಂದಲೂ ತೆಗೆಯಿರಿ. ಉದಾಹರಣೆಗೆ ನೆವಾಡಾದ ಡೀನ್ ಹೆಲ್ಲರ್ ಅವರ ಹಾಳೆ ಹೀಗಿರುತ್ತದೆ. 2017ರ ಜೂನ್‌ನಲ್ಲಿ ತಮ್ಮದೇ ಪಕ್ಷದ ರಾಜ್ಯಪಾಲ ಬ್ರಯಾನ್ ಸ್ಯಾಂಡೊವಲ್ ಪಕ್ಕದಲ್ಲಿ ನಿಂತು, ಸೆನೆಟ್ ಮಸೂದೆಯನ್ನು ಆಗ ಇದ್ದ ರೂಪದಲ್ಲಿ ಬೆಂಬಲಿಸಲಾರೆ ಎಂದು ಹೇಳಿದರು. ಜುಲೈ 25ರಂದು ಎತ್ತಿಕೊಳ್ಳುವ ಗೊತ್ತುವಳಿಗೆ ಹೌದು. ಅದೇ ರಾತ್ರಿ ಬದಲಿ ಮಸೂದೆಗೆ ಇಲ್ಲ. ಮರುದಿನ, ಬದಲಿ ವ್ಯವಸ್ಥೆ ಇಲ್ಲದೆ ರದ್ದುಪಡಿಸುವ ತಿದ್ದುಪಡಿಗೆ ಇಲ್ಲ. ಜುಲೈ 28ರ ಕೊನೆಯ ಮಸೂದೆಗೆ ಹೌದು. ಈ ಐದು ಸಾಲುಗಳನ್ನು ಒಟ್ಟಿಗೆ ಓದಿದಾಗ ಹುಟ್ಟುವ ಪ್ರಶ್ನೆ, ಯಾವ ಒಂದು ಸಾಲಿನಿಂದಲೂ ಹುಟ್ಟುವುದಿಲ್ಲ.

ಮತಕ್ಕೆ ಬದಲಾಗಿ ಏನು ಸಿಕ್ಕಿತು ಎಂಬುದಕ್ಕೂ ಒಂದು ಸಾಲು ಇರಲಿ. ಕಾರ್ಯವಿಧಾನದ ಮತ ಎಂದರೆ ಚೌಕಾಸಿಯ ಸಮಯ. ಆರ್ಕನ್ಸಾ ರಾಜ್ಯದ ಬ್ಲಾಂಚ್ ಲಿಂಕನ್ 2009ರ ನವೆಂಬರ್‌ನಲ್ಲಿ ಚರ್ಚೆಗೆ ಒಪ್ಪುತ್ತಲೇ, ಸರ್ಕಾರವೇ ನಡೆಸುವ ವಿಮಾ ಯೋಜನೆ ಮಸೂದೆಯಲ್ಲಿ ಉಳಿದರೆ ಮುಂದೆ ಬೆಂಬಲಿಸುವುದಿಲ್ಲವೆಂದು ಸದನದಲ್ಲೇ ಹೇಳಿದರು. ಡಿಸೆಂಬರ್‌ನಲ್ಲಿ ಆ ಯೋಜನೆ ಮಸೂದೆಯಿಂದ ಬಿದ್ದುಹೋಯಿತು. ನೆಬ್ರಾಸ್ಕಾದ ಬೆನ್ ನೆಲ್ಸನ್ ಅದೇ ಡಿಸೆಂಬರ್‌ನಲ್ಲಿ 60ನೇ ಮತವಾಗಿ ಬಂದಾಗ ಅವರ ರಾಜ್ಯದ ಮೆಡಿಕೇಡ್ ವೆಚ್ಚಕ್ಕೆ ವಿಶೇಷ ನೆರವು ಮಸೂದೆಯಲ್ಲಿ ಸೇರಿತ್ತು. ದೇಶದೆಲ್ಲೆಡೆ ಟೀಕೆ ಎದ್ದು, 2010ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿದರು.

ಪಕ್ಷ ನೋಡಿ ಅಳತೆಗೋಲು ಬದಲಿಸಬೇಡಿ. ಹೆಲ್ಲರ್ ಅವರನ್ನು 2018ರಲ್ಲಿ ಸೋಲಿಸಿದವರು ಡೆಮಾಕ್ರಾಟ್ ಪಕ್ಷದ ಜ್ಯಾಕಿ ರೋಸನ್. 2025ರ ನವೆಂಬರ್ 9ರಂದು, ವಿಮಾ ಪ್ರೀಮಿಯಂ ಮೇಲಿನ ಹೆಚ್ಚುವರಿ ತೆರಿಗೆ ರಿಯಾಯಿತಿ ವರ್ಷದ ಕೊನೆಗೆ ಮುಗಿಯಲಿದ್ದರೂ ಅದನ್ನು ಮುಂದುವರಿಸದ ಖರ್ಚುವೆಚ್ಚದ ಮಸೂದೆಯನ್ನು ಮುಂದೆ ಸಾಗಿಸಲು 60-40ರ ಮತ ಬಿದ್ದಾಗ, ಪರವಾಗಿ ನಿಂತ ಡೆಮಾಕ್ರಾಟ್ ಬಣದ ಎಂಟು ಜನರಲ್ಲಿ ರೋಸನ್ ಕೂಡ ಒಬ್ಬರು. ಲೆಕ್ಕ ಮತ್ತೆ ಅದೇ: ಬೇಕಾದದ್ದು 60, ಸಿಕ್ಕಿದ್ದೂ 60. ಖರ್ಚುವೆಚ್ಚದ ಮಸೂದೆ ಪಾಸಾಗದೆ ಅಕ್ಟೋಬರ್ 1ರಿಂದ ಸರ್ಕಾರ ಮುಚ್ಚಿ ನೌಕರರು ಸಂಬಳವಿಲ್ಲದೆ, ಬಡವರು ಆಹಾರ ನೆರವಿಲ್ಲದೆ ನರಳುತ್ತಿದ್ದರು ಎಂಬುದು ಆ ಎಂಟು ಜನರ ಸಮರ್ಥನೆ, ಅದು ಹಗುರವಾದ ಮಾತಲ್ಲ. ರಿಯಾಯಿತಿಯ ಮೇಲೆ ಡಿಸೆಂಬರ್‌ನಲ್ಲಿ ಪ್ರತ್ಯೇಕ ಮತ ನಡೆಸುವ ಭರವಸೆಯೂ ಸಿಕ್ಕಿತ್ತು. ಡಿಸೆಂಬರ್ 11ರಂದು ಆ ಮತ 51-48 ಆಗಿ, 60 ಮುಟ್ಟದೆ ಬಿದ್ದಿತು. ನೆವಾಡಾದ ಒಂದೇ ಕುರ್ಚಿ, ಎರಡು ಪಕ್ಷ, ಎರಡು ಕಾರ್ಯವಿಧಾನದ ಮತ. ಹೆಲ್ಲರ್‌ಗೆ ಕೇಳಿದ ಪ್ರಶ್ನೆಯನ್ನು ರೋಸನ್‌ಗೂ ಕೇಳಬಲ್ಲವರ ಮಾತಿಗೆ ಮಾತ್ರ ಕಚೇರಿಯಲ್ಲಿ ಬೆಲೆ ಇರುತ್ತದೆ.

ಒಂದೇ ಪ್ರಶ್ನೆ

ಹಾಳೆ ಸಿದ್ಧವಾದ ಮೇಲೆ ಅದರಿಂದ ಒಂದೇ ಒಂದು ಪ್ರಶ್ನೆಯನ್ನು ಆರಿಸಿ. ‘ನಮ್ಮ ಆರೋಗ್ಯದ ಬಗ್ಗೆ ನಿಮಗೆ ಕಾಳಜಿ ಇಲ್ಲವೇ’ ಎಂಬ ಪ್ರಶ್ನೆಗೆ ಯಾರಾದರೂ ‘ಖಂಡಿತ ಇದೆ’ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಪ್ರಶ್ನೆಯಲ್ಲಿ ದಿನಾಂಕ, ಮತದ ಸಂಖ್ಯೆ, ನಿಮ್ಮ ಮನೆಯ ಒಂದು ಸತ್ಯಾಂಶ ಮತ್ತು ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ ಒಂದು ವಾಕ್ಯ ಇರಲಿ. ನಾನು ಬರೆದ ಇಂಗ್ಲಿಷ್ ಪತ್ರದ ಸಾರ ಹೀಗಿತ್ತು:

‘ನಾನು ನಿಮ್ಮ ರಾಜ್ಯದ ನಿವಾಸಿ ಮತ್ತು ಮತದಾರಳು. 68 ವರ್ಷದ ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಮೆಡಿಕೇರ್ ಪಡೆಯಲು ಅವರು ಇನ್ನೂ ಎರಡು ವರ್ಷ ಕಾಯಬೇಕಾಗಿರುವುದರಿಂದ ಮಾರುಕಟ್ಟೆಯ ವಿಮೆಯೇ ಅವರಿಗೆ ಆಸರೆ. ಜುಲೈ 25ರ 167ನೇ ಮತದಲ್ಲಿ ನೀವು ಮಸೂದೆಯನ್ನು ಎತ್ತಿಕೊಳ್ಳಲು ಒಪ್ಪಿದಿರಿ. ಆ ಕ್ಷಣದಲ್ಲಿ, ಕೊನೆಗೆ ಯಾವ ಪಠ್ಯ ಮತಕ್ಕೆ ಬರಲಿದೆ ಎಂಬುದು ನಿಮಗೆ ತಿಳಿದಿತ್ತೇ? ತಿಳಿದಿರದಿದ್ದರೆ, ನನ್ನ ತಾಯಿಯ ವಿಮೆ ಅದರಲ್ಲಿ ಉಳಿಯುತ್ತದೆ ಎಂದು ಯಾವ ಆಧಾರದ ಮೇಲೆ ನಂಬಿದಿರಿ?’

ಎರಡನೇ ಪ್ರಶ್ನೆಗೆ ಹೌದು ಇಲ್ಲ ಎಂಬ ಉತ್ತರ ಸಾಲದು, ನಿಜ. ಮೊದಲನೆಯದಕ್ಕೆ ಉತ್ತರ ಬಂದರೆ ಎರಡನೆಯದು ತಾನಾಗಿಯೇ ಎದ್ದು ನಿಲ್ಲುತ್ತದೆಂದು ಹಾಗೆ ಬರೆದೆ.

ಕಚೇರಿಯನ್ನು ತಲುಪುವುದು

ಪ್ರತಿ ಸೆನೆಟರ್‌ಗೂ ವಾಷಿಂಗ್ಟನ್‌ನಲ್ಲಿ ಒಂದು, ತಮ್ಮ ರಾಜ್ಯದಲ್ಲಿ ಕೆಲವು ಕಚೇರಿಗಳಿರುತ್ತವೆ. ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ ಸಂಖ್ಯೆ 202-224-3121ಕ್ಕೆ ಕರೆ ಮಾಡಿ ರಾಜ್ಯದ ಹೆಸರು ಹೇಳಿದರೆ ಸಂಬಂಧಪಟ್ಟ ಕಚೇರಿಗೆ ಕೊಡುತ್ತಾರೆ. ವಾಷಿಂಗ್ಟನ್ ವಿಳಾಸಕ್ಕೆ ಅಂಚೆಯಲ್ಲಿ ಪತ್ರ ಹಾಕಿದರೆ ತಡವಾಗುತ್ತದೆ. 2001ರಲ್ಲಿ ಇಬ್ಬರು ಸೆನೆಟರ್‌ಗಳಿಗೆ ಆಂಥ್ರಾಕ್ಸ್ ತುಂಬಿದ ಪತ್ರಗಳು ಬಂದಂದಿನಿಂದ ಅಲ್ಲಿಗೆ ಬರುವ ಅಂಚೆಯನ್ನೆಲ್ಲ ಬೇರೆಡೆ ತಪಾಸಣೆ ಮಾಡಿ ಕಳುಹಿಸುತ್ತಾರೆ. ತುರ್ತಿದ್ದರೆ ಫೋನ್ ಅಥವಾ ಸೆನೆಟರ್ ತಾಣದಲ್ಲಿರುವ ನಮೂನೆ, ಪತ್ರವೇ ಬೇಕೆನಿಸಿದರೆ ರಾಜ್ಯದೊಳಗಿನ ಕಚೇರಿ.

ಫೋನ್ ಎತ್ತುವವರು ಹೆಚ್ಚಾಗಿ ಇಪ್ಪತ್ತರ ಹರೆಯದ ಇಂಟರ್ನ್‌ಗಳು. ಅವರು ಹೆಸರು, ಜಿಪ್ ಕೋಡ್ ಕೇಳಿ, ವಿಷಯವನ್ನು ಒಂದೆರಡು ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಅವರ ಮೇಲೆ ಸಿಟ್ಟು ತೋರಿಸಬೇಡಿ. ಮತ ಹಾಕಿದವರು ಅವರಲ್ಲ. ನಾನು ಕರೆ ಮಾಡಿದ ಕಚೇರಿಯಲ್ಲಿ ಒಬ್ಬ ಹುಡುಗ ನಿರೀಕ್ಷಿಸಿದ ಉತ್ತರವನ್ನೇ ಕೊಟ್ಟ: ಸೆನೆಟರ್ ಮತ ಹಾಕಿದ್ದು ಚರ್ಚೆಗೆ ಮಾತ್ರ, ಮಸೂದೆಗೆ ಅಲ್ಲ. ನಾನು ಹಾಳೆಯನ್ನು ನೋಡಿ, ಅಂದು 50-50 ಆಗಿತ್ತು, ಸೆನೆಟರ್ ಇಲ್ಲ ಎಂದಿದ್ದರೆ ಗೊತ್ತುವಳಿ ಬೀಳುತ್ತಿತ್ತಲ್ಲವೇ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಮಾತ್ರ ಕೇಳಿಸಿತು. ಬಳಿಕ ಆತ, ಸರಿಯಾಗಿ ಬರೆದುಕೊಳ್ಳುತ್ತೇನೆ, ದಯವಿಟ್ಟು ಇನ್ನೊಮ್ಮೆ ಹೇಳಿ ಎಂದ. ಅಲ್ಲಿಯವರೆಗೆ ಆತ ಬರೆದುಕೊಂಡೇ ಇರಲಿಲ್ಲವೆಂದು ತೋರುತ್ತದೆ. ಅದರ ಮೇಲೆ ಆರೋಗ್ಯ ವಿಷಯ ನೋಡಿಕೊಳ್ಳುವ ಶಾಸನ ಸಹಾಯಕರ ಹೆಸರು ಕೇಳಿ, ಲಿಖಿತ ಉತ್ತರ ಬೇಕೆಂದು ಹೇಳಿದೆ. ಈ ಎರಡನ್ನೂ ಮರೆಯದೆ ಕೇಳಿ. ಕರೆಯ ದಿನ, ಸಮಯ, ಮಾತನಾಡಿದವರು ಏನೆಂದರು ಎಂಬುದನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಡಿ.

ಮನೆಯ ಹಿರಿಯರಿಗೆ ಇಂಗ್ಲಿಷ್ ತೊಡಕೆನಿಸಿದರೆ ಪಕ್ಕದಲ್ಲಿ ಕುಳಿತು ಅವರ ಮಾತನ್ನು ನೀವು ಇಂಗ್ಲಿಷ್‌ನಲ್ಲಿ ಹೇಳಬಹುದು. ಆದರೆ ಅವರ ಹೆಸರಿನಲ್ಲೇ ಹೇಳಿ, ಅವರ ಅನುಭವ ಅವರದಾಗಿಯೇ ದಾಖಲಾಗಲಿ.

ಉತ್ತರ ಬಂದ ಮೇಲೆ

ವಾರಗಳ ನಂತರ ಬರುವ ಪತ್ರ ಬಹುಮಟ್ಟಿಗೆ ಎಲ್ಲರಿಗೂ ಕಳುಹಿಸುವ ಅಚ್ಚಿನದೇ ಆಗಿರುತ್ತದೆ. ಪೆನ್ಸಿಲ್ ಹಿಡಿದು ಓದಿ, ನಿಮ್ಮ ಮತದ ಸಂಖ್ಯೆಯೋ ದಿನಾಂಕವೋ ಅದರಲ್ಲಿ ಎಲ್ಲಾದರೂ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಬಂದಿಲ್ಲವೆಂದೇ ಅರ್ಥ. ಅದೇ ಪ್ರಶ್ನೆಯನ್ನು, ಬಂದ ಪತ್ರದ ದಿನಾಂಕವನ್ನು ಉಲ್ಲೇಖಿಸಿ, ಮತ್ತೆ ಕಳುಹಿಸಿ. ‘ಕಾನೂನಿನಲ್ಲಿ ದೋಷಗಳಿದ್ದವು, ಏನಾದರೂ ಮಾಡಬೇಕಿತ್ತು’ ಎಂಬ ಉತ್ತರ ಬಂದರೆ, ಯಾವ ದೋಷ, ಆ ಮಸೂದೆಯ ಯಾವ ಭಾಗ ಅದನ್ನು ಸರಿಪಡಿಸುತ್ತಿತ್ತು ಎಂದು ಕೇಳಿ. 2017ರ ಜೂನ್‌ನ ಸೆನೆಟ್ ಮಸೂದೆಯಿಂದ 2026ರ ಹೊತ್ತಿಗೆ 2.2 ಕೋಟಿ ಹೆಚ್ಚು ಜನ ವಿಮೆ ಇಲ್ಲದವರಾಗುತ್ತಾರೆಂದು ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಅಂದಾಜಿಸಿತ್ತು. ಯಾವ ಪಕ್ಷಕ್ಕೂ ಸೇರದ ಈ ಕಚೇರಿಯ ಅಂಕಿಗಳನ್ನು ಬಳಸಿದರೆ ನಿಮ್ಮ ಪ್ರಶ್ನೆಯನ್ನು ಪಕ್ಷದ ಮಾತೆಂದು ತಳ್ಳಿಹಾಕಲಾಗದು. ‘ಜನರ ಮುಂದೆ ಮತ ಹಾಕುವಂತಾಗಲಿ ಎಂದು ಒಪ್ಪಿದೆ’ ಎಂದರೆ ಅದು ಗೌರವಯುತ ಉತ್ತರ, ಅದನ್ನು ಹಾಗೆಯೇ ಬರೆದಿಟ್ಟುಕೊಂಡು, ಎದುರು ಪಕ್ಷದ ಮಸೂದೆಗಳಿಗೂ ಅವರು ಅದೇ ಔದಾರ್ಯ ತೋರಿದ್ದಾರೆಯೇ ಎಂದು ಹಳೆಯ ಕ್ಲೋಚರ್ ಮತಗಳಲ್ಲಿ ಹುಡುಕಿ. ನನಗೆ ಅತ್ಯಂತ ಉಪಯೋಗಕ್ಕೆ ಬಂದ ಹುಡುಕಾಟ ಇದೇ.

ಉತ್ತರವೇ ಬರದಿದ್ದರೆ ಸ್ಥಳೀಯ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಿರಿ. ಇನ್ನೂರು ಪದ ಮೀರದಿರಲಿ, ಸೆನೆಟರ್ ಹೆಸರು ಮತ್ತು ಮತದ ಸಂಖ್ಯೆ ಮೊದಲ ಎರಡು ಸಾಲಿನಲ್ಲೇ ಇರಲಿ. ಆಗಸ್ಟ್‌ನಲ್ಲಿ ಸದನಕ್ಕೆ ಬಿಡುವು, ಆಗ ಸೆನೆಟರ್‌ಗಳು ರಾಜ್ಯದಲ್ಲಿರುತ್ತಾರೆ. ಅವರು ಜನರ ಪ್ರಶ್ನೆಗಳಿಗೆ ಉತ್ತರಿಸುವ ಟೌನ್ ಹಾಲ್ ಸಭೆ ಇದ್ದರೆ ಪ್ರಶ್ನೆಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಮೂವತ್ತು ಸೆಕೆಂಡಿನಲ್ಲಿ ಓದಿ, ಉತ್ತರ ಮುಗಿಯುವವರೆಗೆ ನಿಂತೇ ಇರಿ.

ಪೌರತ್ವ, ಕೂಟ, ಹಣ

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರೂ ಗ್ರೀನ್ ಕಾರ್ಡ್ ಇರುವವರೂ ಸೆನೆಟರ್‌ಗೆ ಪತ್ರ ಬರೆಯಬಹುದು, ಕರೆ ಮಾಡಬಹುದು. ಮತದಾರರೆಂದು ಮಾತ್ರ ಹೇಳಿಕೊಳ್ಳಬಾರದು, ‘ನಿಮ್ಮ ರಾಜ್ಯದ ನಿವಾಸಿ’ ಎನ್ನುವುದು ಸಾಕು. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಗಮನಿಸದೆ ಮತದಾರರ ನೋಂದಣಿಗೆ ಸಹಿ ಹಾಕಿದರೆ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು, ಬಹಳ ಎಚ್ಚರವಿರಲಿ. ಚುನಾವಣೆಗೆ ಹಣ ಕೊಡುವ ಹಕ್ಕು ಪೌರರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಉಂಟು, ವೀಸಾದಲ್ಲಿರುವವರಿಗೆ ಇಲ್ಲ.

ಕನ್ನಡ ಕೂಟವು 501(ಸಿ)(3) ಅಡಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯಾಗಿದ್ದರೆ ಯಾವುದೇ ಅಭ್ಯರ್ಥಿಯ ಪರವಾಗಿಯೋ ವಿರುದ್ಧವಾಗಿಯೋ ಪ್ರಚಾರ ಮಾಡುವಂತಿಲ್ಲ. ಆದ್ದರಿಂದ ಯುಗಾದಿ ಹಬ್ಬದ ವೇದಿಕೆಯಿಂದಾಗಲಿ ಕೂಟದ ಇಮೇಲ್ ಪಟ್ಟಿಯಿಂದಾಗಲಿ ‘ಇವರನ್ನು ಸೋಲಿಸಿ’ ಎಂಬ ಕರೆ ಹೊರಡಬಾರದು. ಊಟದ ಸಾಲಿನಲ್ಲಿ ಪಕ್ಕದವರಿಗೆ ನಿಮ್ಮ ಹಾಳೆಯನ್ನು ತೋರಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮುಂದಿನ ಮತಕ್ಕೆ

ಸೆನೆಟರ್ ಅವಧಿ ಆರು ವರ್ಷ. ಆರು ವರ್ಷದಲ್ಲಿ ಒಂದು ಮತ ಮರೆತುಹೋಗುತ್ತದೆ ಎಂಬ ನಂಬಿಕೆಯ ಮೇಲೆಯೇ ಬಹಳಷ್ಟು ಕಾರ್ಯವಿಧಾನದ ಮತಗಳು ಬೀಳುತ್ತವೆ. ಬ್ಲಾಂಚ್ ಲಿಂಕನ್ 2010ರಲ್ಲಿ ಮೊದಲು ತಮ್ಮದೇ ಪಕ್ಷದೊಳಗೆ ಎರಡನೇ ಸುತ್ತಿನವರೆಗೆ ಹೋರಾಡಬೇಕಾಯಿತು, ಬಳಿಕ ನವೆಂಬರ್‌ನಲ್ಲಿ ಸೋತರು. ಆ ಸೋಲಿಗೆ ಒಂದೇ ಮತ ಕಾರಣವೆನ್ನಲಾಗದು. ಆದರೂ ಸೆನೆಟರ್‌ಗೆ ನಿಜವಾದ ಪೈಪೋಟಿ ಕೆಲವೊಮ್ಮೆ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲೇ, ಎದುರಾಗುತ್ತದೆ ಎಂಬುದಕ್ಕೆ ಅದು ನಿದರ್ಶನ. ಕೆಲವು ರಾಜ್ಯಗಳಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿದವರು ಮಾತ್ರ ಪ್ರೈಮರಿಯಲ್ಲಿ ಮತ ಹಾಕಬಹುದು, ಅದರ ಗಡುವೂ ಮೊದಲೇ ಮುಗಿಯುತ್ತದೆ. ನಿಮ್ಮ ರಾಜ್ಯದ ನಿಯಮವನ್ನು ಈಗಲೇ ನೋಡಿಟ್ಟುಕೊಳ್ಳಿ.

ಕೊನೆಯದಾಗಿ, ಮತ ಬಿದ್ದ ಮೇಲೆ ಕೇಳುವುದಕ್ಕಿಂತ ಬೀಳುವ ಮುನ್ನ ಕೇಳುವುದು ಹೆಚ್ಚು ಫಲಕಾರಿ, ಅದಕ್ಕೆ ಸಮಯವನ್ನು ಸೆನೆಟ್‌ನ ನಿಯಮವೇ ಕೊಡುತ್ತದೆ. ಕ್ಲೋಚರ್ ಗೊತ್ತುವಳಿ ಸಲ್ಲಿಸಿದ ಮೇಲೆ, ಎಲ್ಲರೂ ಒಪ್ಪಿ ಬೇರೆ ಸಮಯ ಗೊತ್ತುಮಾಡದಿದ್ದರೆ, ನಡುವೆ ಸದನ ಸೇರುವ ಒಂದು ದಿನ ಕಳೆಯಬೇಕು: ಸೋಮವಾರ ಸಲ್ಲಿಸಿದರೆ ಮತ ಬುಧವಾರ. ಆರೋಗ್ಯ ವಿಮೆಗೆ ಸಂಬಂಧಿಸಿದ ಕ್ಲೋಚರ್ ಸಲ್ಲಿಕೆಯಾಯಿತೆಂದು ಸುದ್ದಿ ಬಂದ ಸಂಜೆಯೇ ಹಳೆಯ ಹಾಳೆಯನ್ನು ತೆಗೆದು ಹೊಸ ಸಾಲಿಗೆ ದಿನಾಂಕ ಹಾಕಿ, ಮಂಗಳವಾರ ಬೆಳಿಗ್ಗೆ ವಾಷಿಂಗ್ಟನ್ ಸಮಯ ಒಂಬತ್ತಕ್ಕೆ ಕಚೇರಿ ತೆರೆಯುತ್ತಿದ್ದಂತೆ ಕರೆ ಮಾಡಿ.